ತಿರುಳ್ಗನ್ನಡದ ಸೀಮೆಯಲ್ಲಿ ಕಡಲಾಚೆಯ ಮೆಣಸು

ಗದಗ-ಬೆಟಗೇರಿಯ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ‘ಲಿಲಾವು’ ಆಗುತ್ತದೆ. ಶಿರಹಟ್ಟಿ, ಮುಂಡರಗಿಗಳ ಎರೆಹೊಲಗಳಿಂದ ಚೀಲ ತುಂಬಿ ತಂದ ರೈತನಿಗೆ ಆ ಮಾತಿನಲ್ಲಾಗಲಿ ಆ ಮಾಲಿನಲ್ಲಾಗಲಿ ಪರಕೀಯತೆ ತೋರದು. ಎರಡೂ ಕಡಲು ದಾಟಿ ಬಂದವು. ‘ಲಿಲಾವು’ ಪೋರ್ಚುಗೀಸ್ ಶಬ್ದ; ಮರಾಠಿಯ ಮೂಲಕ ನಮ್ಮಲ್ಲಿಗೆ ಇಳಿಯಿತು. ‘ಪಗಾರ’, ‘ಚಾವಿ’ಗಳ ಮೂಲವೂ ಅದೇ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ಸೀಮೆಯ ಎಲ್ಲೆಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಅಂಥ ಸೀಮೆಯಲ್ಲಿಯೇ ಈ ಮಾತುಗಳು ಬೇರೂರಿವೆ.

ದಾರಿಯ ಕಥೆ ಪರಿಚಿತವಾದುದೇ. 1488ರಲ್ಲಿ ಬಾರ್ತಲೋಮಿಯೊ ಡಯಾಸ್ ಆಫ್ರಿಕೆಯ ದಕ್ಷಿಣದ ತುದಿಯನ್ನು ಬಳಸಿದ. 1497ರ ಜುಲೈಯಲ್ಲಿ ಲಿಸ್ಬನ್ ಬಿಟ್ಟ ವಾಸ್ಕೋ ಡ ಗಾಮ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಗೆ ಬಂದ. ಇದನ್ನು ‘ಶೋಧ’ವೆನ್ನುವಾಗ ಎಚ್ಚರ ಬೇಕು. ಮಲಿಂದಿಯಿಂದ ಈಚೆಗೆ ಅವನಿಗೆ ದಾರಿ ತೋರಿದವನು ಅಲ್ಲಿಯೇ ದೊರೆತ ನಾವಿಕ. ಆ ನೀರಿನಲ್ಲಿ ಅರಬ್ಬರೂ ಗುಜರಾತಿಗಳೂ ಶತಮಾನಗಳಿಂದ ಓಡಾಡಿದ್ದರು. ಯುರೋಪಿನಿಂದ ಆಫ್ರಿಕೆಯನ್ನು ಬಳಸಿ ಇಲ್ಲಿಗೆ ಕೂಡಿಕೊಂಡದ್ದಷ್ಟೇ ಹೊಸತು. ಮರಳುವಾಗ ಗಾಮ ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿದ. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಕರಿಮೆಣಸನ್ನು ಒಯ್ಯಲು ಬಂದ ಈ ಹಡಗುಗಳೇ ಅಮೆರಿಕದ ಮೆಣಸಿನಕಾಯಿಯನ್ನು ಇಲ್ಲಿಗೆ ತಂದವು.

ಪ್ರಾಚೀನ ಕಾವ್ಯಗಳನ್ನು ಓದುವವರು ಈ ಇಸವಿಗಳನ್ನು ಮರೆಯುವಂತಿಲ್ಲ. ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಸುಮಾರು 1508ರದು, ಎಂದರೆ ಗೋವೆ ಪೋರ್ಚುಗೀಸರ ವಶವಾಗುವ ಹೊತ್ತಿನದು. ಅದರಲ್ಲಿ ಬರುವ ಮೆಣಸು ಬಳ್ಳಿಯ ಕಾಳುಮೆಣಸೇ ಹೊರತು ಇಂದಿನ ಕಾಯಿಯಲ್ಲ. ಇಂಥ ಕೃತಿಗಳಿಗೆ ಅರ್ಥ ಬರೆಯುವಾಗ ಖಾರವೆಂದೊಡನೆ ಮೆಣಸಿನಕಾಯಿ ನೆನಪಾಗುವುದು ಸಹಜ; ಆದರೆ ಅದು ಅಕ್ಷಮ್ಯ. ಮೆಣಸಿನಕಾಯಿಯನ್ನು ಸ್ಪಷ್ಟವಾಗಿ ಹೆಸರಿಸುವ ಪದ್ಯ ಹಳೆಯ ಕೃತಿಯೊಂದರಲ್ಲಿ ಸಿಕ್ಕರೆ, ಪ್ರಕ್ಷೇಪವೋ ಎಂದು ಮೊದಲು ಶಂಕಿಸಬೇಕು. ಪುರಂದರದಾಸರ ಅಂಕಿತವುಳ್ಳ ಕೀರ್ತನೆಯೊಂದರ ಆಧಾರದಿಂದ ಮೆಣಸಿನಕಾಯಿಯ ಪ್ರಾಚೀನತೆಯನ್ನು ಹೇಳುವುದುಂಟು. ದಾಸರು ತೀರಿಕೊಂಡದ್ದು 1564ರಲ್ಲಿ; ಕಾಲಕ್ಕೆ ಅಸಂಗತವೇನಲ್ಲ. ಆದರೂ ಬಾಯಿಂದ ಬಾಯಿಗೆ ಬಂದ ಹಾಡಿಗೆ ಅಂಕಿತವೊಂದೇ ಕಾಲನಿರ್ಣಯದ ಸಾಕ್ಷಿಯಾಗಲಾರದು.

ಹೊಸ ಕಾಯಿಗೆ ಕನ್ನಡ ಹೊಸ ಧಾತುವನ್ನು ಹುಡುಕಲಿಲ್ಲ. ಮೆಣಸಿಗೆ ಕಾಯಿಯನ್ನು ಕೂಡಿಸಿತು, ಅಷ್ಟೆ. ಪೋರ್ಚುಗೀಸರೂ ಕರಿಮೆಣಸಿನ ‘ಪಿಮೆಂತ’ವನ್ನೇ ಇದಕ್ಕೂ ಬಳಸಿದರು. ಕರಾವಳಿಯವರು ಮಾತ್ರ ಹಳೆಯದನ್ನು ಇಂದಿಗೂ ‘ಒಳ್ಳೆಮೆಣಸು’ ಎಂದೇ ಕರೆಯುತ್ತಾರೆ.