ಹೊರುವ ಹೆಗಲು, ಒದೆ ತಿನ್ನುವ ಹೆಗಲು: ಭಾರೀ ಬೇಟೆಕೋವಿಯ ತೂಕ ನಿಗದಿಯಾದ ಬಗೆ

ಮಲೆನಾಡಿನ ತೋಟದ ಮನೆಗಳಲ್ಲಿ ‘12 ಬೋರ್’ ಎಂದರೆ ಮಕ್ಕಳಿಗೂ ಗೊತ್ತು. ಆದರೆ ಆ 12 ಏನು ಎಂದು ಕೇಳಿದರೆ ಕೋವಿ ಇಟ್ಟುಕೊಂಡವರೇ ತಡವರಿಸುವುದುಂಟು. ಅದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸ ಕರಗಿಸಿ ಒಂದೇ ಸಮನಾದ 12 ಗುಂಡುಗಳನ್ನು ಎರೆದರೆ, ಅಂಥ ಒಂದು ಗುಂಡು ಸರಿಯಾಗಿ ಕೂರುವ ನಳಿಗೆ 12 ಬೋರಿನದು. ಅದೇ ಪೌಂಡಿನಲ್ಲಿ ಎಂಟೇ ಗುಂಡು ಎರೆದರೆ 8 ಬೋರ್, ಗುಂಡಿನ ತೂಕ 57 ಗ್ರಾಂ. ನಾಲ್ಕೇ ಎರೆದರೆ 4 ಬೋರ್, ಗುಂಡು 113 ಗ್ರಾಂ, ನಳಿಗೆಯ ಅಗಲ ಲೆಕ್ಕದ ಪ್ರಕಾರ ಒಂದಿಂಚಿಗಿಂತ ತುಸು ಹೆಚ್ಚು. ಸಂಖ್ಯೆ ಇಳಿದಷ್ಟೂ ಕೋವಿ ದೊಡ್ಡದು.

ಹೀಗೆ ಗುಂಡಿನ ತೂಕವನ್ನು ಕೋವಿಯ ಹೆಸರಿನಲ್ಲೇ ಹೊತ್ತು ತಿರುಗಿದ ಕಸುಬು ಇದು. ಹಾಗಿದ್ದರೂ ಆ ಗುಂಡನ್ನು ಹಾರಿಸುವ ಕೋವಿ ಸ್ವತಃ ಎಷ್ಟು ತೂಗಬೇಕು ಎಂಬ ಪ್ರಶ್ನೆಗೆ ಒಮ್ಮತದ ಉತ್ತರ ಬೇಗ ಸಿಗಲಿಲ್ಲ. ಈ ಲೇಖನದ ವಿಷಯ ಅದೇ. ಆನೆ, ಕಾಟಿ, ಕಾಡೆಮ್ಮೆಗಳನ್ನು ಕೊಲ್ಲಲೆಂದು 19ನೇ ಶತಮಾನದ ನಡುವಿನಿಂದ 20ನೇ ಶತಮಾನದ ನಡುವಿನವರೆಗೆ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ತಯಾರಾದ ಕೋವಿಗಳ ತೂಕವನ್ನು ಅವುಗಳ ಗುಂಡಿನ ತೂಕದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತೂಕದ ಪ್ರಶ್ನೆ ಲೋಹ ಮತ್ತು ಮದ್ದಿನದಷ್ಟೇ ಆಗಿರಲಿಲ್ಲ. ಕೋವಿಯನ್ನು ಹೊರುವ ಹೆಗಲು, ಅದರ ಒದೆ ತಿನ್ನುವ ಹೆಗಲು ಒಬ್ಬನದೋ ಅಥವಾ ಇಬ್ಬರದೋ ಎಂಬುದು ಅದರಷ್ಟೇ ದೊಡ್ಡ ಪ್ರಶ್ನೆಯಾಗಿತ್ತು.

ಮೊದಲು ಮದ್ದಿನ ಮಾತು. ಕರಿಮದ್ದಿಗೆ ಒಂದು ಮಿತಿ ಇದೆ. ಎಷ್ಟು ತುಂಬಿದರೂ ದಪ್ಪ ಗುಂಡು ಸೆಕೆಂಡಿಗೆ 400–450 ಮೀಟರ್ ದಾಟುವುದು ಕಷ್ಟ. ವೇಗ ಹೆಚ್ಚಿಸಲಾಗದವನಿಗೆ ಉಳಿದದ್ದು ಗುಂಡಿನ ಭಾರ ಹೆಚ್ಚಿಸುವ ದಾರಿಯೊಂದೇ. ಆನೆಯ ತಲೆಬುರುಡೆಯನ್ನು ಭೇದಿಸಿ ಮಿದುಳಿಗೆ ತಲುಪಲು 4 ಬೋರ್, 8 ಬೋರುಗಳು ಹುಟ್ಟಿದ್ದು ಈ ಲಾಚಾರಿಯಿಂದ.

ಗುಂಡು ಮುಂದೆ ಹೋದಾಗ ಕೋವಿ ಹಿಂದೆ ಬರುತ್ತದೆ. ಗುಂಡಿನ ತೂಕಕ್ಕಿಂತ ಕೋವಿಯ ತೂಕ ಎಷ್ಟು ಪಟ್ಟು ಹೆಚ್ಚೋ, ಗುಂಡಿನ ವೇಗದ ಅಷ್ಟನೇ ಒಂದು ಪಾಲಿನ ವೇಗದಲ್ಲಿ ಕೋವಿ ಹೆಗಲಿಗೆ ಬಡಿಯುತ್ತದೆ. ನಳಿಗೆಯಿಂದ ನುಗ್ಗುವ ಅನಿಲದ ತಳ್ಳು ಇದರ ಮೇಲೆ ಬೇರೆ. ಹೋಲಿಕೆಗೆ ಸುಲಭವಾಗಲೆಂದು ಇಲ್ಲಿ ಅದನ್ನು ಬಿಟ್ಟಿದ್ದೇನೆ. ಅದೇ ತೋಟಾವನ್ನು ಅರ್ಧ ತೂಕದ ಕೋವಿಯಲ್ಲಿ ಹಾರಿಸಿದರೆ ಒದೆಯ ವೇಗ ಇಮ್ಮಡಿ, ಒದೆಯ ಶಕ್ತಿಯೂ ಇಮ್ಮಡಿ. ಕಮ್ಮಾರನಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೆಸರಿನಲ್ಲಿ ಒಂದು ಸೂತ್ರವೇ ಬಳಕೆಗೆ ಬಂತು: ಚರೆ ಅಥವಾ ಗುಂಡಿನ 96 ಪಟ್ಟು ಕೋವಿ ತೂಗಬೇಕು. ಸೂತ್ರ ಹುಟ್ಟಿದ್ದು ಚರೆಕೋವಿಗಾಗಿ. ಅದನ್ನೇ 8 ಬೋರಿಗೆ ಹಚ್ಚಿದರೆ 12 ಪೌಂಡ್, ಅಂದರೆ ಐದೂವರೆ ಕಿಲೋ. 4 ಬೋರಿಗೆ ಹಚ್ಚಿದರೆ 24 ಪೌಂಡ್, ಸುಮಾರು 11 ಕಿಲೋ. ಹೆಚ್ಚುಕಡಿಮೆ ಒಂದು ಬಿಂದಿಗೆ ನೀರಿನ ಭಾರ. ಹೊತ್ತು ನಡೆಯಬಹುದು, ಆದರೆ ಎತ್ತಿ ಗುರಿ ಹಿಡಿದು ನಿಲ್ಲಬೇಕಲ್ಲ!

ಈ ಅಳತೆಗೋಲು ಹಿಡಿದು ಮೂವರು ಬೇಟೆಗಾರರನ್ನು ನೋಡೋಣ.

ಸ್ಯಾಮ್ಯುಯೆಲ್ ಬೇಕರ್ ಸಿಲೋನಿನಲ್ಲಿ ಆನೆ ಬೇಟೆಯಾಡುವಾಗ ಅವನ ಬಳಿ ಬ್ರಿಸ್ಟಲಿನ ಗಿಬ್ಸ್ 1840ರಲ್ಲಿ ಮಾಡಿಕೊಟ್ಟ ಕೋವಿ ಇತ್ತು. ತೂಕ 21 ಪೌಂಡ್, ನಳಿಗೆ 36 ಇಂಚು, ಮೂರು ಔನ್ಸಿನ ಗುಂಡು. ಲೆಕ್ಕ ಹಾಕಿದರೆ ಕೋವಿ ಗುಂಡಿನ 112 ಪಟ್ಟು. ಗ್ರೀನರ್ ಒಪ್ಪುತ್ತಿದ್ದ ಕೋವಿ. ಇದೇ ಬೇಕರ್ 1861–62ರಲ್ಲಿ ಅಬಿಸೀನಿಯದ ಗಡಿಯ ನೈಲ್ ಉಪನದಿಗಳ ಸೀಮೆಗೆ ಹೋದಾಗ ಹಾಲೆಂಡ್ ಮಾಡಿದ ಇನ್ನೊಂದು ಕೋವಿ ಜೊತೆಗಿತ್ತು. ಅವನು ಅದನ್ನು ‘ಬೇಬಿ’ ಎಂದು ಕರೆದ. ಅವನ ಅರಬ್ ಸಂಗಡಿಗರು ಇಟ್ಟ ಹೆಸರಿನ ಅರ್ಥ ಫಿರಂಗಿಯ ಮರಿ ಎಂದು. ಅದು ಹಾರಿಸುತ್ತಿದ್ದುದು ಅರ್ಧ ಪೌಂಡಿನ ಸಿಡಿಗುಂಡು. ಕೋವಿಯ ತೂಕ ಮಾತ್ರ 20 ಪೌಂಡ್. ಬರೀ 40 ಪಟ್ಟು. ಹಾರಿಸಿದಾಗಲೆಲ್ಲ ಬೇಕರ್ ನಿಂತಲ್ಲೇ ಗಿರ್ರನೆ ತಿರುಗಿಬಿಡುತ್ತಿದ್ದನಂತೆ. ಗುಂಡಿನ ಭಾರಕ್ಕೆ ಈ ಕೋವಿಯ ಭಾರ ಸಾಲದು ಎಂದು ಅವನೇ ಬರೆದಿದ್ದಾನೆ. ಇಪ್ಪತ್ತು ಪೌಂಡಿನ ಕೋವಿಯನ್ನು ಹಗುರವಾಯಿತೆಂದು ದೂರಿದ ಬೇಟೆಗಾರರು ಚರಿತ್ರೆಯಲ್ಲಿ ಹೆಚ್ಚು ಜನ ಇರಲಾರರು.

ಎರಡನೆಯವನು ಫ್ರೆಡರಿಕ್ ಸೆಲೂಸ್. ಅವನ ಕತೆಯಲ್ಲಿ ಹಣದ ಪ್ರಶ್ನೆಯೂ ಬೆರೆತಿದೆ. 1871ರಲ್ಲಿ ದಕ್ಷಿಣ ಆಫ್ರಿಕಕ್ಕೆ ಬಂದಿಳಿದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ; ಒಳ್ಳೆಯ ಕೋವಿ ಕೈತಪ್ಪಿತ್ತು. ಕೊಂಡದ್ದು ಬರ್ಮಿಂಗ್‌ಹ್ಯಾಮಿನ ಹಾಲಿಸ್ ಮಾಡಿದ, ತಲಾ ಆರು ಪೌಂಡ್ ಬೆಲೆಯ, ಬಾತುಕೋಳಿ ಹೊಡೆಯುವ 4 ಬೋರಿನ ಎರಡು ಬಾಯಿಮದ್ದಿನ ಕೋವಿಗಳನ್ನು. ಒಂದೊಂದರ ತೂಕ ಹನ್ನೆರಡೂವರೆ ಪೌಂಡ್, ಗುಂಡು ನಾಲ್ಕು ಔನ್ಸ್. ಅಂದರೆ 50 ಪಟ್ಟು, ಸೂತ್ರ ಹೇಳುವುದರ ಅರ್ಧ. ಗುಂಡಿನ ವೇಗ ಸೆಕೆಂಡಿಗೆ 400 ಮೀಟರ್ ಎಂದು ಹಿಡಿದರೆ ಕೋವಿ ಅವನ ಹೆಗಲಿಗೆ ಬಂದದ್ದು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ. ಈ ಕೋವಿಗಳಿಂದ ಮೂರು ವರ್ಷಗಳಲ್ಲಿ 78 ಆನೆಗಳನ್ನು ಕೊಂದ. ಒಂದು ಸಲ ಕೋವಿಗೆ ಬೆಂಕಿ ಹತ್ತಲಿಲ್ಲ. ಕೋವಿ ಹೊರುವ ಆಳು ಅದು ಖಾಲಿಯಾಗಿದೆ ಎಂದುಕೊಂಡು ಮತ್ತೊಮ್ಮೆ ಮದ್ದು ಗುಂಡು ತುಂಬಿ ಕೈಗೆ ಕೊಟ್ಟ. ಎರಡೂ ಒಟ್ಟಿಗೆ ಹಾರಿ ಸೆಲೂಸ್ ನೆಲ ಬಿಟ್ಟು ಎದ್ದು ಬಿದ್ದ, ಕೆನ್ನೆ ಸೀಳಿತು, ಕೋವಿಯ ಮರ ಚೂರಾಯಿತು. ಮುಂದೆ ಹಗುರ ಗುಂಡಿನ ರೈಫಲುಗಳಿಗೆ ಬದಲಾದರೂ, ಆ ಹಳೆಯ ಒದೆಗಳು ನರಗಳ ಮೇಲೆ ಮಾಡಿದ ಪೆಟ್ಟಿನಿಂದ ತನ್ನ ಗುರಿ ಕೆಟ್ಟಿತೆಂದು ಅವನು 1881ರ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ.

ಮೂರನೆಯ ಹೆಸರು ನಮ್ಮ ನೆಲದ್ದು. ಮೈಸೂರು ಸಂಸ್ಥಾನದಲ್ಲಿ ನಾಲೆ ಕೆಲಸದ ಅಧಿಕಾರಿಯಾಗಿದ್ದು, 1874ರಲ್ಲಿ ಚಾಮರಾಜನಗರ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿದ ಜಿ. ಪಿ. ಸ್ಯಾಂಡರ್ಸನ್ ದೊಡ್ಡ ಬೋರಿನ ಪಕ್ಷದವನು. 4 ಬೋರ್, 8 ಬೋರ್ ಎರಡನ್ನೂ ಬಳಸಿದವನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ, ಕಾಡುಕುರುಬರ ಹೆಜ್ಜೆ ಹಿಡಿಯುವ ಜಾಣ್ಮೆ ಇಲ್ಲದೆ ಅವನ ಬೇಟೆ ನಡೆಯುತ್ತಿರಲಿಲ್ಲ ಎಂಬುದು ಅವನ 1878ರ ಪುಸ್ತಕ ಓದಿದವರಿಗೆಲ್ಲ ಗೊತ್ತು. ಅಂಥ ಬೇಟೆಯಲ್ಲಿ ಮುಂದೆ ಹೆಜ್ಜೆ ಹಿಡಿಯುವವನು, ಹಿಂದೆ ಕೋವಿ ಹೊರುವವನು, ನಡುವೆ ದೊರೆ. ದೊರೆಯ ಹೆಗಲಿಗೆ ಕೋವಿ ಬರುತ್ತಿದ್ದುದು ಈಡು ಹೊಡೆಯುವ ಆ ಒಂದು ಗಳಿಗೆಗೆ. ಉತ್ತರದ ಹುಲಿಬೇಟೆಗಳಲ್ಲಿ ಅಂಬಾರಿ ಹೊತ್ತ ಆನೆಯೇ ಕೋವಿಯನ್ನೂ ಹೊರುತ್ತಿತ್ತು. ಹೊರುವ ಹೆಗಲು ಬೇರೆಯವರದಾದಾಗ ಇಪ್ಪತ್ತು ಪೌಂಡ್ ಭಾರವೇ ಅಲ್ಲ. ಕರಿಮದ್ದಿನ ಕಾಲದ ಭಾರೀ ಕೋವಿಗಳ ಬಗ್ಗೆ ಬರೆಯುವವರು ಗುಂಡು, ಮದ್ದು, ನಳಿಗೆಗಳ ಅಂಕಿಗಳನ್ನು ತಪ್ಪದೆ ಕೊಡುತ್ತಾರೆ; ಅಗ್ಗದ ಆಳಿನ ದುಡಿಮೆ ಆ ಲೆಕ್ಕದ ಒಳಗೇ ಅಡಗಿದೆ ಎಂಬುದನ್ನು ಹೆಚ್ಚಾಗಿ ಮರೆಯುತ್ತಾರೆ.

1898ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಕಂಪನಿ, ಬೋರಿನ ಬದಲು ಇಂಚಿನ ಲೆಕ್ಕದಲ್ಲಿ ಹೆಸರಿಸಿದ .450 ನೈಟ್ರೊ ಎಕ್ಸ್‌ಪ್ರೆಸ್ ತೋಟಾ ತಂದಾಗ ಈ ಲೆಕ್ಕವೆಲ್ಲ ಬುಡಮೇಲಾಯಿತು. ಹೊಗೆಯಿಲ್ಲದ ಕಾರ್ಡೈಟ್ ಮದ್ದು 31 ಗ್ರಾಮಿನ ಗುಂಡನ್ನು ಸೆಕೆಂಡಿಗೆ 655 ಮೀಟರ್ ವೇಗದಲ್ಲಿ ಹಾರಿಸಿತು. ಗಟ್ಟಿ ಲೋಹದ ಕವಚದ ಆ ಸಣ್ಣ ಗುಂಡು 4 ಬೋರಿನ ಸೀಸದ ಮುದ್ದೆ ತಲುಪದ ಆಳಕ್ಕೆ ಇಳಿಯಿತು. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲೂ ಸುಡಾನಿನಲ್ಲೂ .450 ಅಳತೆಯನ್ನು ನಿಷೇಧಿಸಿತು. ಬಂಡುಕೋರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಅದೇ ಅಳತೆಯ ಗುಂಡು ಸಿಕ್ಕೀತೆಂಬ ಭಯ. ಆ ಜಾಗಕ್ಕೆ .465, .470, .475 ಎಲ್ಲ ಬಂದವು. ಕೋವಿಯ ತೂಕದ ಮಟ್ಟಿಗೆ ಹೆಚ್ಚೇನೂ ಬದಲಾಗಲಿಲ್ಲ.

ಬದಲಾದದ್ದು 96ರ ಸೂತ್ರದ ಗತಿ. .470ರ ಗುಂಡು 32.4 ಗ್ರಾಂ. ಅದಕ್ಕೆ 96 ಪಟ್ಟು ಎಂದರೆ ಮೂರು ಕಿಲೋ ಚಿಲ್ಲರೆ. ಅಷ್ಟು ಹಗುರ ಜೋಡುನಳಿಗೆಯ .470 ಮಾಡಿದರೆ ಹೆಗಲೆಲುಬು ಉಳಿಯುವುದು ಅನುಮಾನ. ತಯಾರಕರು ಮಾಡಿದ್ದು ಸುಮಾರು 11 ಪೌಂಡಿನ, ಅಂದರೆ ಐದು ಕಿಲೋದ ಕೋವಿ. ಅದು ಗುಂಡಿನ 154 ಪಟ್ಟು. ಹಾಗಾದರೆ ಸೂತ್ರ ಸುಳ್ಳೇ? ವೇಗವನ್ನು ಒಳಗೆ ತಂದು ನೋಡಿ. 400 ಮೀಟರ್ ವೇಗದ ಗುಂಡಿಗೆ 96 ಪಟ್ಟಿನ ಕೋವಿ ಹಿಂದೆ ಬರುವುದು ಸೆಕೆಂಡಿಗೆ 4.2 ಮೀಟರ್ ವೇಗದಲ್ಲಿ. 655 ಮೀಟರ್ ವೇಗಕ್ಕೆ 154 ಪಟ್ಟಿನ ಕೋವಿ ಬರುವುದೂ 4.2 ಮೀಟರ್ ಆಸುಪಾಸಿನಲ್ಲೇ. ಗ್ರೀನರ್ ಸೂತ್ರವನ್ನು ಮುರಿದ ಹೊಸ ಕೋವಿಗಳು ಅದರ ಒಳಗಿದ್ದ ಹೆಗಲಿನ ಮಿತಿಯನ್ನು ಮುರಿಯಲಿಲ್ಲ. ಮದ್ದು ಬದಲಾದರೂ ಮನುಷ್ಯನ ಹೆಗಲು ಬದಲಾಗಲಿಲ್ಲವಲ್ಲ. 58 ಗ್ರಾಮಿನ ಗುಂಡು ಹಾರಿಸುವ .600 ನೈಟ್ರೊ ಕೋವಿಗೆ 16 ಪೌಂಡ್ ತೂಕ ಕೊಟ್ಟರೂ ಒದೆಯ ವೇಗ 4.8 ಮೀಟರಿಗೆ ಏರುತ್ತದೆ. ಆ ಕೋವಿ ಹೊಂದಿದ್ದವರಲ್ಲಿ ಅನೇಕರು ಅದನ್ನು ಮುಗಿಬಿದ್ದ ಆನೆಗೆಂದು ಆಳಿನ ಕೈಯಲ್ಲಿ ಕೊಟ್ಟಿಟ್ಟುಕೊಂಡರೇ ಹೊರತು ದಿನವೂ ಹಾರಿಸಲಿಲ್ಲ.

ಹೊರುವವನೂ ಹೊಡೆಯುವವನೂ ಒಬ್ಬನೇ ಆದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಡಬ್ಲ್ಯು. ಡಿ. ಎಂ. ಬೆಲ್ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ; ಬಹುಪಾಲನ್ನು 7 ಮಿ.ಮೀ. ಅಳತೆಯ .275 ರಿಗ್ಬಿಯಿಂದ. ಆ ಕೋವಿ ಸುಮಾರು ಮೂರೂವರೆ ಕಿಲೋ, ಗುಂಡು 11 ಗ್ರಾಂ. ಸುಮಾರು 300 ಪಟ್ಟು, ಒದೆಯ ವೇಗ ಸೆಕೆಂಡಿಗೆ 2.3 ಮೀಟರ್. ಆನೆಯ ಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆ ಎಂದು ಕಲಿತವನಿಗೆ ದಪ್ಪ ಗುಂಡು ಬೇಕಿರಲಿಲ್ಲ. ದಿನವಿಡೀ ನಡೆದು ಕೊನೆಗೆ ನಡುಗದ ಕೈ ಬೇಕಿತ್ತು. ಇದನ್ನು ಎಲ್ಲರೂ ಅನುಕರಿಸಬಹುದಾದ ಮಾದರಿ ಎಂದು ನಾನು ಒಪ್ಪುವುದಿಲ್ಲ. ಬೆಲ್‌ನ ಕಣ್ಣು, ಬೆಲ್‌ನ ಕಾಲದ ಬಯಲು ಎಲ್ಲರಿಗೂ ಸಿಗುವಂಥವಲ್ಲ. ದಟ್ಟ ಪೊದೆಯಲ್ಲಿ ಹತ್ತು ಹೆಜ್ಜೆ ದೂರದಿಂದ ನುಗ್ಗುವ ಕಾಡೆಮ್ಮೆಯ ಮುಂದೆ ಆ ವಾದ ನಿಲ್ಲದು. ನಡುದಾರಿ ಹಿಡಿದದ್ದು 1912ರ .375 ಹಾಲೆಂಡ್ ಆ್ಯಂಡ್ ಹಾಲೆಂಡ್. 19 ಗ್ರಾಮಿನ ಗುಂಡು, ಸುಮಾರು ನಾಲ್ಕು ಕಿಲೋದ ಕೋವಿ, ಒದೆ 3.6 ಮೀಟರ್. ಅಪಾಯದ ಪ್ರಾಣಿಗಳಿಗೆ ಕನಿಷ್ಠ ಅಳತೆ ಇದು ಎಂದು ಮುಂದೆ ಆಫ್ರಿಕದ ಹಲವು ದೇಶಗಳ ಕಾನೂನು ಹೇಳಿತು.

ನಮ್ಮ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಪರಿಚಿತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದಿದ್ದು .405 ವಿಂಚೆಸ್ಟರ್, 1895ರ ಮಾದರಿಯ ರೈಫಲ್. ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದದ್ದೂ ಅದೇ ಮಾದರಿ. ತೂಕ ಸುಮಾರು ಮೂರು ಮುಕ್ಕಾಲು ಕಿಲೋ, ಗುಂಡು 19 ಗ್ರಾಂ, ಒದೆ 3.5 ಮೀಟರ್. ಅಂಕಿಯಲ್ಲಿ ಇದು .375ರ ಸಮಕ್ಕೇ ಇದ್ದರೂ ಹೆಗಲು ನೋಯಿಸುವ ಕೋವಿ ಎಂಬ ಹೆಸರು ಇದಕ್ಕೆ ಅಂಟಿಕೊಂಡಿದೆ. ಕೋವಿಯ ಬುಡ ಎಷ್ಟು ಅಗಲ, ಮರ ಎಷ್ಟು ಬಾಗಿದೆ, ಭಾರ ಎರಡು ಕೈಗಳ ನಡುವೆ ಇದೆಯೋ ಮೂತಿಯ ಕಡೆ ಜಗ್ಗುತ್ತದೆಯೋ ಎಂಬುದನ್ನು ನನ್ನ ಪಟ್ಟುಗಳ ಲೆಕ್ಕ ಹೇಳುವುದಿಲ್ಲ. ಅದು ಈ ಲೆಕ್ಕದ ಕೊರತೆ. ಆದರೂ ನಾಡಕೋವಿ ಹಿಡಿದವನಿಗೆ ತಿಳಿದ ಮಾತಿದು: ಮೂತಿ ಜಗ್ಗುವ ಮೂರು ಕಿಲೋಗಿಂತ ಕೈಗೆ ಕೂರುವ ನಾಲ್ಕು ಕಿಲೋ ಹಗುರ.

1956ರಲ್ಲಿ ವಿಂಚೆಸ್ಟರ್ ಕಂಪನಿ .458 ಮ್ಯಾಗ್ನಮ್ ತಂದಿತು. .470ರ ಕೆಲಸವನ್ನೇ ಒಂಟಿನಳಿಗೆಯ, ಅಗ್ಗದ, ಒಂಬತ್ತೂವರೆ ಪೌಂಡಿನ ಕೋವಿಯಲ್ಲಿ ಮಾಡುವುದು ಅದರ ಗುರಿ. ಲೆಕ್ಕಕ್ಕೆ 133 ಪಟ್ಟು, ಒದೆ 4.9 ಮೀಟರ್. ವೇಗದಲ್ಲಿ .600ರ ಒದೆಯನ್ನೂ ತುಸು ಮೀರಿತು, ಆದರೆ ಮಾರಾಟವಾಯಿತು. ಕೊಳ್ಳುವವನು ಈಗ ತನ್ನ ಕೋವಿಯನ್ನು ತಾನೇ ಹೊರುವ ಸಂಬಳದಾರ. ದಿನವಿಡೀ ಹೊರುವ ಒಂದೂವರೆ ಪೌಂಡು ಉಳಿಸಲು ಆಗೊಮ್ಮೆ ಈಗೊಮ್ಮೆ ಬೀಳುವ ಒದೆಯನ್ನು ತಿನ್ನಲು ಸಿದ್ಧನಿದ್ದ.

ಭಾರತದಲ್ಲಿ ಈ ಚರ್ಚೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ನಿಂತಿತು. ಅದಕ್ಕೆ ಹಿಂದಿನ ವರ್ಷವೇ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುಹೋಗಿತ್ತು. ಗ್ರೀನರನ ಸೂತ್ರ ಮಾತ್ರ ತಾನು ಹುಟ್ಟಿದ ಜಾಗದಲ್ಲಿ, ಚರೆಕೋವಿಯಲ್ಲಿ, ಉಳಿದುಕೊಂಡಿದೆ. 12 ಬೋರಿನ ತೋಟಾದಲ್ಲಿ ಒಂದೂ ಅರೆಕಾಲು (1⅛) ಔನ್ಸ್, ಎಂದರೆ 32 ಗ್ರಾಂ ಚರೆ. ಅದರ 96 ಪಟ್ಟು ಮೂರು ಕಿಲೋ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೊಡಗಿನ ಮನೆಗಳಲ್ಲಿ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜೆಗಿಡುವ ಜೋಡುನಳಿಗೆಯ 12 ಬೋರ್ ಕೋವಿಯನ್ನು ತಕ್ಕಡಿಗೆ ಹಾಕಿದರೂ ಮುಳ್ಳು ಆಸುಪಾಸಿನಲ್ಲಿ ಅಲ್ಲೇ ನಿಲ್ಲುತ್ತದೆ.