ತುಂಗಭದ್ರೆಯ ಹಿನ್ನೀರು: ಬಂದು ಹೋಗುವ ನಡುಗಡ್ಡೆಗಳು

ಸರೋವರದ ನಡುವೆ ದ್ವೀಪ, ದ್ವೀಪದಲ್ಲೊಂದು ದೇಗುಲ, ಅಲ್ಲಿಗೆ ದೋಣಿ: ಇಂಥ ನೋಟಕ್ಕೆ ಇಥಿಯೋಪಿಯದ ತಾನಾ ಸರೋವರ ಹೆಸರುವಾಸಿ. ಬರಗಾಲದ ಸುದ್ದಿಯಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವ ವಿಜಯನಗರ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಇದೆ. ಆದರೆ ಇಲ್ಲಿನ ನಡುಗಡ್ಡೆಗಳು ವರ್ಷವಿಡೀ ನಿಲ್ಲುವುದಿಲ್ಲ. ನೀರು ಏರಿದಾಗ ಮುಳುಗುತ್ತವೆ, ಇಳಿದಾಗ ತಲೆ ಎತ್ತುತ್ತವೆ.

ನೀರು ಬಂದ ಬಗೆ

ಹರಪನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ನದಿಯಾಗಿಯೇ ಹರಿಯುವ ತುಂಗಭದ್ರೆ ಮುಂದೆ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಲವು ಊರುಗಳು ಈ ಹಿನ್ನೀರಿನ ದಡದಲ್ಲಿವೆ. ಕೂಡ್ಲಿಗಿ, ಕೊಟ್ಟೂರಿಗೆ ಈ ದಡದ ಭಾಗ್ಯವಿಲ್ಲ. ಅಲ್ಲಿ ಕೊಳವೆಬಾವಿ, ಮಳೆ ನಂಬಿದ ಕೆರೆಗಳೇ ಆಧಾರ. ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯಿಂದ ನೀರು ತುಂಬಿಸುವ ಯೋಜನೆ ಹುಟ್ಟಿದ್ದು ಇದೇ ಕೊರತೆಯಿಂದ.

ಅಣೆಕಟ್ಟಿನ ಕೆಲಸ 1945ರಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನಗಳ ಜಂಟಿ ಯೋಜನೆಯಾಗಿ ಶುರುವಾಯಿತು. 1953ರಲ್ಲಿ ನೀರು ನಿಂತಿತು. ಈ ತಾಲ್ಲೂಕುಗಳು ಆಗ ಸೇರಿದ್ದ ಬಳ್ಳಾರಿ ಸೀಮೆ ಮೈಸೂರಿಗೆ ಬಂದದ್ದೂ ಅದೇ ವರ್ಷ. ಪೂರ್ಣ ಮಟ್ಟವಾದ 1633 ಅಡಿ ತಲುಪಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ವ್ಯಾಪಿಸುತ್ತದೆ. ಇದಕ್ಕಾಗಿ ಮುಳುಗಿದ ಹಳ್ಳಿಗಳು ಸುಮಾರು 90. ನಾರಾಯಣದೇವರಕೆರೆಯಂಥ ತುಂಬಿದ ಊರೂ ಅದರಲ್ಲಿ ಹೋಯಿತು. ಅಲ್ಲಿಂದ ಎದ್ದವರು ನೆಲೆನಿಂತ ಮರಿಯಮ್ಮನಹಳ್ಳಿ ಮುಂದೆ ರಂಗಭೂಮಿಗೆ ಹೆಸರಾಯಿತು. ಹಿನ್ನೀರಿನ ಚೆಲುವನ್ನು ಹೊಗಳುವಾಗ ಈ ಲೆಕ್ಕವನ್ನು ಪಕ್ಕಕ್ಕಿಡುವುದು ಸರಿಯಲ್ಲ.

ನಡುಗಡ್ಡೆ, ಹೂಳು, ಹರಿಗೋಲು

ಚಳಿಗಾಲ ಕಳೆದು ಕಾಲುವೆಗಳಿಗೆ ನೀರು ಹರಿದಂತೆ ಹಿನ್ನೀರು ಹಿಂದೆ ಸರಿಯುತ್ತದೆ. ಮೊದಲು ಎತ್ತರದ ದಿಬ್ಬಗಳು ಕಾಣುತ್ತವೆ, ಆಮೇಲೆ ಹಳೆಯ ಹೊಲಗಳ ಮೈ. ಹಸಿ ಆರುವ ಮುಂಚೆಯೇ ಅಲ್ಲಿ ಬೀಜ ಬೀಳುತ್ತದೆ, ದನ-ಕುರಿ ಮೇಯಲು ಇಳಿಯುತ್ತವೆ. ಮುಂಗಾರಿನ ಹೊಳೆ ಬೇಗ ಬಂದರೆ ಬೆಳೆ ನೀರುಪಾಲು.

ಹೊಳೆ ತರುವ ಹೂಳು ಕೂಡ ಈ ಭೂಪಟವನ್ನು ತಿದ್ದುತ್ತಲೇ ಇದೆ. ಮೊದಲು 133 ಟಿಎಂಸಿ ಅಡಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105.8ಕ್ಕೆ ಇಳಿದಿದೆ. ನೀರು ಅಕಾಲದಲ್ಲಿ ಇಳಿದದ್ದೂ ಉಂಟು: 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ತುಂಬಿ ನಿಂತಿದ್ದ ಹಿನ್ನೀರು ಮಳೆಗಾಲದಲ್ಲೇ ತಗ್ಗತೊಡಗಿತು. ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಅದನ್ನು ತಡೆಯಬೇಕಾಯಿತು.

ಮೀನುಗಾರರ ವಾಹನ ಹರಿಗೋಲು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಮುಂದು-ಹಿಂದು ಇಲ್ಲದ ಈ ದುಂಡು ದೋಣಿ ಹುಟ್ಟು ಬಿದ್ದ ಕಡೆ ತಿರುಗಿಬಿಡುತ್ತದೆ. ಪಳಗಿದ ಕೈ ಮಾತ್ರ ಅದನ್ನು ನೆಟ್ಟಗೆ ಸಾಗಿಸಬಲ್ಲದು. ತಾನಾ ಸರೋವರದಲ್ಲಿ ಪ್ಯಾಪಿರಸ್ ಜೊಂಡಿನಿಂದ ಕಟ್ಟುವ ತಂಕ್ವಾ ಕೂಡ ಹೀಗೆ ದಡದಲ್ಲಿ ಸಿಗುವ ವಸ್ತುವಿನಿಂದಲೇ ಹುಟ್ಟಿದ್ದು. ದಡದಿಂದ ಎಳೆಯುವ ಬೃಹತ್ ಅಲಿವಿ ಬಲೆಯ ಮೇಲೆ ಮಾತ್ರ ಈ ಹಿನ್ನೀರಿನಲ್ಲಿ ಹಳೆಯ ಆಕ್ಷೇಪವಿದೆ: ಅದು ಮರಿಮೀನನ್ನೂ ಬಿಡದೆ ಬಾಚುತ್ತದೆ.

ಆಫ್ರಿಕಾದ ನೀರಿನ ನಂಟು ಇನ್ನೊಂದಿದೆ. ನಮ್ಮ ಕೆರೆಗಳಲ್ಲಿ ಹಿಡಿದು ‘ಜಿಲೇಬಿ’ ಎಂದು ಮಾರುವ ತಿಲಾಪಿಯಾ ಮೂಲತಃ ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಸ್ಥಳೀಯ ಮೀನುಗಳ ಜಾಗ ಕಸಿಯುತ್ತಿದೆ.

ಅಂಕಸಮುದ್ರ: ಜಾಲಿ ಮರಗಳ ದ್ವೀಪ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಹಳೆಯ ನೀರಾವರಿ ಕೆರೆ. ಹಿನ್ನೀರಿನಿಂದ ಏತದ ಮೂಲಕ ನೀರು ಬಂದಾಗ ಕೆರೆಯಂಗಳದಲ್ಲಿದ್ದ ಕರಿಜಾಲಿ ಮರಗಳು ನೀರಲ್ಲಿ ನಿಂತವು. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಸುತ್ತ ನೀರಿರುವುದರಿಂದ ನಾಯಿ, ಕಾಡುಬೆಕ್ಕು ಗೂಡಿನ ಹತ್ತಿರ ಸುಳಿಯವು. ಮುಳ್ಳಿನ ಕೊಂಬೆ ಗೂಡನ್ನು ಹಿಡಿದಿಡುತ್ತದೆ. ಕೆಳಗೆ ಮೀನು. ಒಂದೇ ಮರದಲ್ಲಿ ಬಣ್ಣದ ಕೊಕ್ಕರೆ, ಅದರ ಕೆಳಗಿನ ಕೊಂಬೆಯಲ್ಲಿ ನೀರುಕಾಗೆ, ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸುವ ಹಾವಕ್ಕಿ, ನಡುವೆ ಕಪ್ಪು ತಲೆಯ ಕೆಂಬರಲು. ವಾಸನೆಯೂ ಗಲಾಟೆಯೂ ಸಂತೆಯನ್ನು ಮೀರಿಸುತ್ತವೆ.

98.76 ಹೆಕ್ಟೇರಿನ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ರಾಮ್ಸಾರ್ ದಾಖಲೆಯಂತೆ ಇಲ್ಲಿ 240 ಬಗೆಯ ಹಕ್ಕಿಗಳು, 41 ಬಗೆಯ ಮೀನುಗಳು ಇವೆ. 30,000ಕ್ಕೂ ಹೆಚ್ಚು ನೀರಹಕ್ಕಿಗಳು ಗೂಡು ಕಟ್ಟಲು, ತಂಗಲು ಬರುತ್ತವೆ.

ಇಷ್ಟೆಲ್ಲ ಆದರೂ ಆತಂಕ ತಪ್ಪಿಲ್ಲ. ವರ್ಷಗಟ್ಟಲೆ ನೀರಲ್ಲಿ ನಿಂತ ಜಾಲಿ ಒಣಗುತ್ತದೆ, ಹಕ್ಕಿಗಳ ಹಿಕ್ಕೆಯೂ ಎಲೆ ಸುಡುತ್ತದೆ. ಒಣಮರ ಬಿದ್ದರೆ ಗೂಡೂ ಹೋಯಿತು. ನೀರು ಪೂರ್ತಿ ಬತ್ತಿದರೆ ನಾಯಿಗಳು ಮರದ ಬುಡಕ್ಕೆ ಬರುತ್ತವೆ. ಹಾಗಾಗಿ ನೀರು ಎಷ್ಟಿರಬೇಕು, ಹೊಸ ಗಿಡ ಯಾವಾಗ ನೆಡಬೇಕು ಎಂಬುದೇ ಇಲ್ಲಿನ ನಿಜವಾದ ಸಂರಕ್ಷಣೆ. ಫಲಕ, ವೀಕ್ಷಣಾ ಗೋಪುರಗಳು ಅದರ ನಂತರದ ಮಾತು.

ದಡದ ದೇವರುಗಳು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಮೈಲಾರಲಿಂಗನ ಜಾತ್ರೆಗೆ ಹೊಳೆಯ ಎರಡೂ ದಡದಿಂದ ಜನ ಸೇರುತ್ತಾರೆ. ದೇವರ ಸೇವಕರಾದ, ಕರಿ ಕಂಬಳಿ ಹೊದ್ದ ಗೊರವರು ಡಮರು ನುಡಿಸುತ್ತ ಬರುತ್ತಾರೆ, ‘ಏಳುಕೋಟಿಗೋ ಚಾಂಗಮಲೋ’ ಎಂಬ ಕೂಗು ಏಳುತ್ತದೆ. ದೋಣಿ ಎನ್ನುವ ಮರದ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು ತುಂಬಿಸಿದರೆ ಗೊರವರು ನಾಯಿಗಳಂತೆ ಗುರುಗುಟ್ಟುತ್ತ ಅದನ್ನು ಉಣ್ಣುತ್ತಾರೆ. ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದಾಗ ಇಡೀ ಜನಸಾಗರ ಸುಮ್ಮನಾಗುತ್ತದೆ. ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಅವನು ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿಯುತ್ತಾರೆ. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ.

ಅಲ್ಲಿಂದ ದೂರವೇನಲ್ಲದ ಕುರುವತ್ತಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ಗುಡಿಯಿದೆ. ಬಾಗಿಲ ಮೇಲಿನ ಮದನಿಕೆಯರನ್ನು ನೋಡಲೆಂದೇ ಹೋಗಬಹುದು.

ಹೋಗುವವರಿಗೆ

ಹಕ್ಕಿಗಳಿಗಾಗಿಯಾದರೆ ಚಳಿಗಾಲದ ಮುಂಜಾವು ಒಳ್ಳೆಯದು. ಅಂಕಸಮುದ್ರದಲ್ಲಿ ಏರಿಯ ಮೇಲೆ ನಿಂತರೆ ಸಾಕು, ನೀರಿಗಿಳಿಯುವುದು ಬೇಡ. ನಡುಗಡ್ಡೆ ನೋಡುವ ಆಸೆಗೆ ಬೇಸಿಗೆಯೇ ಸರಿ. ಆದರೆ ಒಣಗಿದಂತೆ ಕಾಣುವ ಹೂಳಿನ ಮೇಲೆ ಊರವರನ್ನು ಕೇಳದೆ ಕಾಲಿಡಬೇಡಿ, ಒಳಗೆ ಮೊಣಕಾಲುದ್ದ ಕೆಸರಿರುತ್ತದೆ.