ಹಿಮಾ: ಮರಳುಗಾಡಿನ ಕಾವಲು



ವನ್ಯಜೀವಿ ರಕ್ಷಣೆ ಎಂದೊಡನೆ ನಗರವಾಸಿಗಳಾದ ನಮ್ಮ ಕಣ್ಣಮುಂದೆ ಬರುವುದು ಬೇಲಿ, ಗೇಟು, ಟಿಕೆಟ್ ಕೌಂಟರು. ಮುಂಬಯಿಯವರಿಗೆ ಬೊರಿವಲಿ, ಚೆನ್ನೈಯವರಿಗೆ ಗಿಂಡಿ. ಆದರೆ ಬೇಲಿಯ ಹಂಗಿಲ್ಲದೆ, ಬರೀ ಕಟ್ಟಳೆಯ ಬಲದಿಂದಲೇ ಹುಲ್ಲನ್ನೂ ಮರವನ್ನೂ ಕಾಯ್ದುಕೊಂಡು ಬಂದ ಒಂದು ಪದ್ಧತಿ ಅರೇಬಿಯಾದಲ್ಲಿತ್ತು. ಅದರ ಹೆಸರು ‘ಹಿಮಾ’. ಅರಬ್ಬಿಯಲ್ಲಿ ಹಾಗೆಂದರೆ ಕಾಯ್ದಿಟ್ಟ ಜಾಗ.

ಇಸ್ಲಾಮಿಗಿಂತ ಮೊದಲೂ ಹಿಮಾ ಇತ್ತು. ಆದರೆ ಆಗ ಬಲವಿದ್ದ ಬುಡಕಟ್ಟು ನಾಯಕ ಒಳ್ಳೆಯ ಹುಲ್ಲುಗಾವಲನ್ನು ತನ್ನ ಹಿಂಡಿಗೇ ಮೀಸಲಿಟ್ಟು ಉಳಿದವರನ್ನು ಓಡಿಸುತ್ತಿದ್ದ. 7ನೇ ಶತಮಾನದಲ್ಲಿ ಪ್ರವಾದಿ ಮುಹಮ್ಮದರು ಈ ಖಾಸಗಿ ಹಕ್ಕನ್ನು ರದ್ದು ಮಾಡಿದರು. ಎಲ್ಲರ ಹಿತಕ್ಕಾಗಿ ಮಾತ್ರ ಹಿಮಾ ಎಂದು ಗೊತ್ತುಮಾಡಿ, ಮದೀನಾ ಬಳಿಯ ಅನ್-ನಕೀ ಎಂಬಲ್ಲಿನ ಹುಲ್ಲನ್ನು ಸೇನೆಯ ಕುದುರೆಗಳಿಗೆ ಮೀಸಲಿಟ್ಟರು.

ಎರಡನೇ ಖಲೀಫ ಉಮರರು (ಆಳ್ವಿಕೆ 634-644) ಹಿಮಾಗಳನ್ನು ಹೆಚ್ಚಿಸಿದರು. ಅವರು ಹುನೈ ಎಂಬ ಕಾವಲುಗಾರನಿಗೆ ಕೊಟ್ಟ ಅಪ್ಪಣೆ ಹದೀಸ್ ಗ್ರಂಥಗಳಲ್ಲಿ ಉಳಿದುಬಂದಿದೆ. ಅದರ ತಿರುಳು ಇಷ್ಟು: ನಾಲ್ಕಾರು ಒಂಟೆ, ಕುರಿ ಇರುವ ಬಡವನನ್ನು ಒಳಗೆ ಬಿಡು. ಉಸ್ಮಾನ್ ಬಿನ್ ಅಫ್ಫಾನ್, ಅಬ್ದುರ್ರಹ್ಮಾನ್ ಬಿನ್ ಔಫ್‌ರಂಥ ಸಿರಿವಂತರ ಹಿಂಡನ್ನು ಬಿಡಬೇಡ. ಅವರ ಜಾನುವಾರು ಸತ್ತರೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಆಗ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಈಗ ಹುಲ್ಲು ಕೊಡುವುದೇ ಸುಲಭ! ಅಂದರೆ ಹಿಮಾ ಎಂಬುದು ಹುಲ್ಲಿನ ರಕ್ಷಣೆಯಷ್ಟೇ ಆಗಿರಲಿಲ್ಲ, ಬರಗಾಲದ ನ್ಯಾಯವೂ ಆಗಿತ್ತು.

ವಿಜ್ಞಾನಿಗಳು ಇತ್ತ ನೋಡಿದ್ದು ಬಹಳ ತಡವಾಗಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪರವಾಗಿ ತಜ್ಞ ಒಮರ್ ಡ್ರಾಜ್ ಹಿಮಾಗಳ ಬಗೆಗಳನ್ನು 1969ರಲ್ಲಿ ದಾಖಲಿಸಿದರು. ಕೆಲವೆಡೆ ಮೇಯಿಸುವಂತಿಲ್ಲ, ಕೊಯ್ದು ಒಯ್ಯಬಹುದು. ಕೆಲವೆಡೆ ಇಂತಿಷ್ಟು ತಿಂಗಳು ಮಾತ್ರ ಮೇವು. ಜೇನಿನ ಹಿಮಾದಲ್ಲಿ ಹೂವಿನ ಕಾಲ ಮುಗಿಯುವ ತನಕ ದನಕುರಿ ಕಾಲಿಡುವಂತಿಲ್ಲ. ಇದರ ಹಿಂದಿನ ಜೀವವಿಜ್ಞಾನ ಸರಳ. ಬಹುವಾರ್ಷಿಕ ಹುಲ್ಲು ತನ್ನ ಶಕ್ತಿಯನ್ನು ಬೇರಿನಲ್ಲಿ ಕೂಡಿಡುತ್ತದೆ. ಬಿಡುವಿಲ್ಲದೆ ಮೇಯಿಸಿದರೆ ಆ ಉಳಿತಾಯ ಕರಗುತ್ತದೆ. ಬಿಡುವು ಕೊಟ್ಟರೆ ತೆನೆ ಬಿಟ್ಟು ಬೀಜ ಉದುರಿಸುತ್ತದೆ.

ನಮಗೆ ಇದು ಹೊಸ ವಿಷಯವೇನಲ್ಲ. ಮೈಸೂರು ಸಂಸ್ಥಾನದ ಅಮೃತ್ ಮಹಲ್ ಕಾವಲುಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಕುದುರೆಯ ಬದಲು ಸೇನೆಯ ಸಾಮಾನು ಎಳೆಯುವ ಎತ್ತುಗಳ ತಳಿ; ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು. ದನಕ್ಕೆಂದು ಕಾಯ್ದ ಆ ಬಯಲಿನಲ್ಲಿ ಕೃಷ್ಣಮೃಗಗಳೂ ಬದುಕಿಕೊಂಡವು.

1950ರ ದಶಕದ ಆರಂಭದಲ್ಲಿ ಸೌದಿ ಅರೇಬಿಯಾದ ಸರ್ಕಾರ ಹುಲ್ಲುಗಾವಲುಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಎಲ್ಲರದ್ದಾದ ನೆಲಕ್ಕೆ ಕಾಯುವವರೇ ಇಲ್ಲವಾದರು. ಲಾರಿಗಳಲ್ಲಿ ಕುರಿಯೂ ಬಂತು, ನೀರೂ ಬಂತು. ಮೊದಲು ನೀರು ಬತ್ತಿದರೆ ಹಿಂಡು ಹೊರಡುತ್ತಿತ್ತು, ನೆಲಕ್ಕೆ ಬಿಡುವು ಸಿಗುತ್ತಿತ್ತು. ಈಗ ಅದೂ ತಪ್ಪಿತು. ಜೀಪು, ಬಂದೂಕುಗಳು ಬೇಟೆಯನ್ನು ಸಲೀಸು ಮಾಡಿದವು. ನೀಳ ಕೊಂಬಿನ, ಬಿಳಿ ಮೈಯ ಅರೇಬಿಯನ್ ಓರಿಕ್ಸ್ ಎಂಬ ಚಿಗರೆಜಾತಿಯ ಪ್ರಾಣಿ 1972ರಲ್ಲಿ ಕಾಡಿನಿಂದ ಸಂಪೂರ್ಣ ಮರೆಯಾಯಿತು.

ಅದೃಷ್ಟವಶಾತ್ 1962ರಲ್ಲೇ ಕೆಲವನ್ನು ಹಿಡಿದು, ಅಲ್ಲಲ್ಲಿ ಸಾಕಿದ್ದವನ್ನೂ ಸೇರಿಸಿ, ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂಬತ್ತರ ಹಿಂಡು ಕಟ್ಟಲಾಗಿತ್ತು. 1982ರಲ್ಲಿ ಓಮಾನಿನ ಬಯಲಿಗೆ ಓರಿಕ್ಸ್ ಮರಳಿತು. ಹರಾಸೀಸ್ ಬುಡಕಟ್ಟಿನವರೇ ಕಾವಲಿಗೆ ನಿಂತರು. ಸಂಖ್ಯೆ ನಾನೂರು ದಾಟಿತು. ಆದರೆ 1996ರಿಂದ ಶ್ರೀಮಂತರ ಖಾಸಗಿ ಸಂಗ್ರಹಕ್ಕಾಗಿ ಜೀವಂತ ಹಿಡಿಯುವ ಕಳ್ಳದಂಧೆ ಹೆಚ್ಚಿತು. 2007ರಲ್ಲಿ ಸರ್ಕಾರ ರಕ್ಷಿತ ಪ್ರದೇಶವನ್ನು ಶೇ. 90ರಷ್ಟು ಕುಗ್ಗಿಸಿತು, ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆಯಿತು.

ಸೌದಿಯಲ್ಲಿ ಬೇರೆ ದಾರಿ ಹಿಡಿದರು. ತಾಯಿಫ್ ಕಡೆಯ ಮಹಾಜತ್ ಅಸ್-ಸೈದ್‌ನಲ್ಲಿ 2,200 ಚದರ ಕಿ.ಮೀ.ಗೂ ಹೆಚ್ಚು ನೆಲಕ್ಕೆ ಬೇಲಿ ಹಾಕಿ, 1990ರಲ್ಲಿ ಓರಿಕ್ಸ್ ಬಿಟ್ಟರು. ಹುಲ್ಲು ಚಿಗುರಿತು, ಹಿಂಡು ಬೆಳೆಯಿತು. ಆದರೆ ಬರ ಬಂದಾಗ ಮಳೆಯ ಜಾಡು ಹಿಡಿದು ಹೋಗಲು ಬೇಲಿ ಬಿಡಲಿಲ್ಲ. ನೂರಾರು ಓರಿಕ್ಸ್‌ಗಳು ಸತ್ತವೆಂದು ಸಂಶೋಧಕರು ದಾಖಲಿಸಿದ್ದಾರೆ. ಇಷ್ಟೆಲ್ಲದರ ನಡುವೆಯೂ ಓರಿಕ್ಸ್ ಉಳಿದಿದೆ. 2011ರಲ್ಲಿ ಐಯುಸಿಎನ್ ಅದನ್ನು ‘ಅಳಿವಿನಂಚಿನ’ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲಕ್ಕೆ, ಸುರಕ್ಷತೆಯ ಕಡೆಗೆ, ಸರಿಸಿತು.

ಹಿಮಾ ಕೂಡ ಪೂರ್ತಿ ಮರೆಯಾಗಿಲ್ಲ. 1983ರಲ್ಲಿ ಐಯುಸಿಎನ್ ಮತ್ತು ಸೌದಿ ಸರ್ಕಾರ ಸೇರಿ ಇಸ್ಲಾಮಿನ ಪರಿಸರ ತತ್ತ್ವಗಳ ಕುರಿತು ಪುಸ್ತಕ ತಂದವು. ಲೆಬನಾನಿನಲ್ಲಿ 2004ರಿಂದ ಊರವರ ಜೊತೆಗೂಡಿ ಹಕ್ಕಿಗಳಿಗಾಗಿ ಹಿಮಾಗಳನ್ನು ಮತ್ತೆ ಸ್ಥಾಪಿಸಲಾಗಿದೆ.

ಎಷ್ಟು ಹುಲ್ಲಿದೆ, ಎಷ್ಟು ಪ್ರಾಣಿ ತಾಳಬಲ್ಲದು ಎಂಬುದನ್ನು ವಿಜ್ಞಾನ ಅಳೆದು ಹೇಳಬಲ್ಲದು. ಆ ಹುಲ್ಲು ಮೊದಲು ಯಾರಿಗೆ, ಕಾಯುವವರು ಯಾರು ಎಂಬುದು ಮಾತ್ರ ಉಮರರು ಹುನೈಗೆ ಹೇಳಿದಂತೆ ನಾವೇ ತೀರ್ಮಾನಿಸಬೇಕಾದದ್ದು. ಮುಂದಿನ ಭಾನುವಾರ ಮಕ್ಕಳನ್ನು ನಿಮ್ಮೂರಿನ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದರೆ, ಒಳಗಿನ ಜಿಂಕೆಗಳ ಜೊತೆಗೆ ಬೇಲಿಯಂಚಿನ ಜನರನ್ನೂ ಒಮ್ಮೆ ನೋಡಿ ಬನ್ನಿ.